ಊದದೆ ಉಳಿದ ಭೋಂಗಾ

ಗಂಡ ಸತ್ತ ಸಂಕಟಕ್ಕಿಂತ ಆಮೇಲೆ ಹಬ್ಬಿಸಿದ ಸುಳ್ಳೇ ಗುರುಸಿದ್ದವ್ವನ ಹೊಟ್ಟೆಯಲ್ಲಿ ಉರಿಯುತ್ತಿತ್ತು. ಹಳಿಯಾಳದ ಸಾಮಿಲ್ಲಿನಲ್ಲಿ ಗಂಡ ಅಡಿವೆಯ್ಯನ ತೋಳು ಗರಗಸಕ್ಕೆ ಸಿಕ್ಕಿತ್ತು. ಪಾಳಿ ಬದಲಾಗುವಾಗ ಊದುವ ಸೈರನ್ನೇ ಭೋಂಗಾ; ಹೊತ್ತಲ್ಲದ ಹೊತ್ತಿನಲ್ಲಿ ಅದು ಊದಿದರೆ ಅಪಘಾತವೆಂದೇ ಅರ್ಥ. ಹೆಂಗಸರು ಹಂಚಿನ ಮೇಲಿನ ರೊಟ್ಟಿ ಬಿಟ್ಟು ಗೇಟಿಗೆ ಓಡುತ್ತಾರೆ, ಡಾಕ್ಟರೂ ಓಡುತ್ತಾನೆ. ಅವತ್ತು ಮಾಲಕರ ಬೀಗರು ಮಿಲ್ಲು ನೋಡಲು ಬಂದಿದ್ದರು. ಗದ್ದಲ ಬೇಡವೆಂದು ಮಿಲ್ಲಿನವರು ಭೋಂಗಾ ಊದಲಿಲ್ಲ. ಅಡಿವೆಯ್ಯ ದಿಮ್ಮಿಗಳ ಪಕ್ಕದಲ್ಲೇ ನೆತ್ತರು ಸೋರಿ ಸತ್ತ.

"ಕುಡದ ಬಂದಿದ್ದ" ಎಂದುಬಿಟ್ಟ ಮ್ಯಾನೇಜರ. ಸೆರೆ ಅಂಗಡಿ ಮುಂದೆ ಮೂಗು ಮುಚ್ಚಿಕೊಂಡು ಹಾಯುತ್ತಿದ್ದ ಗಂಡಸಿಗೆ!

ಅವಳ ತಮ್ಮ ಉಳವಪ್ಪ ಅದೇ ಮಿಲ್ಲಿನ ವೈರ್‌ಮನ್. ದಾಂಡೇಲಿಯಲ್ಲಿದ್ದ ಗೋವೆಯವನೊಬ್ಬನಿಂದ ಕರೆಂಟಿನ ಗಿಟಾರು ಕಲಿತಿದ್ದ. ಮಿಲ್ಲಿನವರು ಗೇಟಿನ ಹೊರಗಿನ ಬಯಲಲ್ಲಿ ಇಟ್ಟ ಹಾಡು-ಊಟದ ಜಲಸಾದಲ್ಲಿ ಬಾರಿಸಲು ಒಪ್ಪಿಕೊಂಡ.

"ಅಡಿವೆಯ್ಯನ ಮಾತ ಎತ್ತಿದಿ ಅಂದ್ರ ನೌಕರಿ ಹೋಗ್ತೈತಿ" ಎಂದಿದ್ದ ಮ್ಯಾನೇಜರ.

"ನಮ್ಮ ರಾಕ್ ಸಂಗೀತದಾಗ ಮಾತೇ ಇಲ್ರಿ ಸಾಹೇಬ್ರ."

ಅಕ್ಕ ಕೆಂಡವಾದಳು. "ನಿನ್ನ ಮಾಮಾನ, ನನ್ನ ಗಂಡನ ಕೊಂದವರ ಮುಂದ ಟುಂಯ್ ಟುಂಯ್ ಅನಸ್ತೀ? ನಾಚಿಕಿ ಬರೂದಿಲ್ಲೇನೋ ನಿನಗ?"

"ನೀ ಬಾರಬೇ ಅಕ್ಕಾ. ಕೇಳಿ ಆಮ್ಯಾಲ ಬೈ."

ಮಂದಿಯ ಮುಂದೆಯೇ ಬೈಯಬೇಕೆಂದು ಕೂಸನ್ನು ಸೊಂಟಕ್ಕಿಟ್ಟುಕೊಂಡು ಹೋದಳು.

ಗಿಟಾರಿನ ದಪ್ಪ ತಂತಿ ಗರಗಸದ ಹಾಗೆ ಗುರ್ರೆಂದಿತು. ಡ್ರಮ್ಮು ದಿಮ್ಮಿ ಉರುಳಿದ ಹಾಗೆ ಗುಡುಗಿತು. ಹುಡುಗರು ಕಾಲು ಕುಣಿಸಿದರು. ಮ್ಯಾನೇಜರನೂ ತೊಡೆ ತಟ್ಟಿದ. ಥಟ್ಟನೆ ಎಲ್ಲ ನಿಂತಿತು. ಒಂದೇ ಒಂದು ತಂತಿ ನರಳುತ್ತ ಎದ್ದಿತು. ಉಳವಪ್ಪ ಅದನ್ನು ಜಾರಿಸುತ್ತ, ಏರಿಸುತ್ತ, ಬಿಡದೆ ಹಿಡಿದ.

ಭೋಂಗಾ!

"ಯವ್ವಾ, ಯಾರ ಮನಿಯಾಂವಗ ಏನಾತೋ!" ಎಂದು ಪಕ್ಕದಲ್ಲಿ ಕೂತಿದ್ದ ಮಾಲವ್ವ ಎದ್ದಳು. ಅವಳ ಮಗ ಮಿಲ್ಲಿನೊಳಗೆ ಪಾಳಿಯ ಮೇಲಿದ್ದ. ಕುರ್ಚಿಗಳು ಮಗುಚಿದವು, ಹೆಂಗಸರೆಲ್ಲ ಗೇಟಿಗೆ ಓಡಿದರು. ಗುರುಸಿದ್ದವ್ವನೂ ಓಡಿದಳು.

"ಒಳಗ ಏನೂ ಆಗಿಲ್ರಬೇ, ಅದು ಗಿಟಾರ!" ಎಂದ ವಾಚಮನ್.

"ಎದಿ ಒಡದ ಸಾಯ್ತಿದ್ವಿ! ಇದೆಂಥಾ ಆಟ, ಗುರುಸಿದ್ದವ್ವಾ? ನಿನ್ನ ತಮ್ಮಗ ತಲಿ ಐತೇನು?" ಮಾಲವ್ವ ಹರಿಹಾಯ್ದಳು.

ಗುರುಸಿದ್ದವ್ವನಿಗೆ ಆಗ ತಿಳಿಯಿತು. ತಮ್ಮನಿಗೆ ಇಟ್ಟುಕೊಂಡಿದ್ದ ಬೈಗುಳ ದಾರಿ ಬದಲಿಸಿತು. "ಆಟ ಅಲ್ಲ ಮಾಲವ್ವಾ. ಅವತ್ತ ಇದನ್ನ ಊದಿದ್ರ ನೀವೆಲ್ಲಾ ಹಿಂಗ ಓಡಿ ಬರ್ತಿದ್ರಿ. ಡಾಕ್ಟರೂ ಬರ್ತಿದ್ದ. ನನ್ನ ಗಂಡ ಉಳೀತಿದ್ದ. ಊದಲಿಲ್ಲ ಅಂತ ಹೇಳಾಕ ಬಾಯಿಲ್ದ ಭಾಡ್ಯಾಗಳು, ಕುಡದಿದ್ದ ಅಂತಾರ!"

ಮ್ಯಾನೇಜರ ಏದುಸಿರು ಬಿಡುತ್ತ ಬಂದ. "ನಡೀರಿ, ನಡೀರಿ. ಊಟಕ್ಕ ಹೊತ್ತಾತು."

"ಊಟ ಆಮ್ಯಾಲರಿ" ಎಂದಳು ಮಾಲವ್ವ. "ಕುಡದಾಂವ ಯಾರು, ಮೊದ್ಲ ಅದನ್ನ ಹೇಳ್ರಿ."

ಗೇಟು ಬಿಡಿಸೆಂದು ಅವನು ವಾಚಮನ್ನನಿಗೆ ಸನ್ನೆ ಮಾಡಿದ. ಕೂಸು ಹಸಿದು ಚೀರಿತು. ಗುರುಸಿದ್ದವ್ವ ಗೇಟಿಗೆ ಅಡ್ಡ ಕೂತು, ಸೆರಗು ಮುಚ್ಚಿ ಹಾಲು ಕೊಟ್ಟಳು. ಇಳಕಲ್ ಸೀರೆ ಉಟ್ಟು ಬಂದಿದ್ದವರೆಲ್ಲ ಕಟ್ಟಿಗೆಪುಡಿಯಲ್ಲೇ ಅವಳ ಸುತ್ತ ಕೂತರು.