ಅಡುಗೆಮನೆಯ ಪಕ್ಕದ ಟ್ರ್ಯಾಕ್ಟರ್

ಚಿಕ್ಕಮ್ಮ ನಮ್ಮ ಮನೆಗೆ ಬಂದಿರಲು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಅವಳ ಟ್ರ್ಯಾಕ್ಟರೂ ಜೊತೆಗೆ ಬರಬೇಕು.

ಅವಳು ನನ್ನ ತಾಯಿಯ ತಂಗಿ. ಚಿಕ್ಕಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿದ್ದರು. ಮನೆಯಲ್ಲಿದ್ದುದಕ್ಕಿಂತ ರೈಲಿನಲ್ಲಿದ್ದುದೇ ಹೆಚ್ಚು. ಚೆಂಗಲ್‌ಪಟ್ಟಿನಾಚೆ ಅವರು ಕೊಂಡಿದ್ದ ಜಮೀನನ್ನು ನೋಡಿಕೊಂಡವಳು ಇವಳೇ. ಸೈಕಲ್ ತುಳಿಯಲು ಬಾರದ ಹೆಂಗಸು ಟ್ರ್ಯಾಕ್ಟರ್ ಕಲಿತು, ಕಡಲೆಕಾಯಿಗೂ ಭತ್ತಕ್ಕೂ ತಾನೇ ಉತ್ತಳು. ಚಿಕ್ಕಪ್ಪ ಹೋದ ಮೇಲೂ ಬಹಳ ವರ್ಷ ನಡೆಸಿದಳು. ಮಂಡಿ ಆಪರೇಷನ್ ಆದ ನಂತರ ಜಮೀನನ್ನು ಪಕ್ಕದವರಿಗೆ ಗುತ್ತಿಗೆಗೆ ಕೊಟ್ಟಳು. ಅವರ ಹತ್ತಿರ ಹೊಸ ಟ್ರ್ಯಾಕ್ಟರ್ ಇತ್ತು. ಇವಳದನ್ನು ಕೇಳಿಕೊಂಡು ಬಂದವನು ಗುಜರಿಯವನೊಬ್ಬನೇ.

"ಓಡೋ ವಂಡೀನ ಒಡೆಯೋಕೆ ಕೊಡಲ್ಲ ಕಣೇ," ಎಂದಳು ಫೋನಿನಲ್ಲಿ. ಟ್ರ್ಯಾಕ್ಟರಿಗೆ ಅವಳ ಬಾಯಲ್ಲಿ ಯಾವಾಗಲೂ ತಮಿಳಿನ 'ವಂಡಿ' ಎಂದೇ ಹೆಸರು.

ನಮ್ಮದು ಚೆನ್ನೈನ ಶೋಳಿಂಗನಲ್ಲೂರಿನ ಒಳರಸ್ತೆಯಲ್ಲಿರುವ ಮನೆ. ಕಾರ್ ಶೆಡ್ ಮನೆಗೆ ಅಂಟಿಕೊಂಡೇ ಇದೆ; ಶೆಡ್ಡಿನಿಂದ ಒಂದು ಬಾಗಿಲು ನೇರವಾಗಿ ಅಡುಗೆಮನೆಗೆ ತೆರೆಯುತ್ತದೆ. ತರಕಾರಿ ಚೀಲ ಒಳಗೆ ತರಲು ಅನುಕೂಲವೆಂದು ನಾನೇ ಹಟಮಾಡಿ ಇಡಿಸಿದ ಬಾಗಿಲು. ನನ್ನ ಗಂಡ ಟ್ರ್ಯಾಕ್ಟರಿಗೆ ಜಾಗ ಮಾಡಿ ಕಾರನ್ನು ಬೀದಿಯ ಬೇವಿನ ಮರದ ಕೆಳಗೆ ನಿಲ್ಲಿಸಿದರು.

ಲಾರಿಯಿಂದ ಇಳಿಸಿದ ದಿನವೇ ಮೊದಲ ತೊಡಕು. ಬಾನೆಟ್ಟಿನ ಮೇಲೆ ಎದ್ದು ನಿಂತಿದ್ದ ಹೊಗೆ ಕೊಳವೆ ಶಟರಿಗೆ ತಾಗಿತು. ಲಾರಿಯ ಜೊತೆ ಬಂದಿದ್ದ ಮೆಕ್ಯಾನಿಕ್ ಅದನ್ನು ಬಿಚ್ಚಿ, ಮೋಟಾದೊಂದು ಕೊಳವೆ ಕೂರಿಸಿ, ವಂಡಿಯನ್ನು ಒಳಗೆ ತಂದ. ಚಿಕ್ಕಮ್ಮ ಒಂದು ಹಳೆಯ ಸೀರೆಯನ್ನು ಸೀಟಿಗೆ ಹೊದಿಸಿ ಸ್ನಾನಕ್ಕೆ ಹೋದಳು. ಅಲ್ಲಿಗೆ ಎಲ್ಲ ಮುಗಿಯಿತೆಂದು ನಾವೆಲ್ಲ ಅಂದುಕೊಂಡೆವು.

ಒಂದು ವಾರದಲ್ಲಿ ಅಡುಗೆಮನೆಯಲ್ಲಿ ಡೀಸೆಲ್ ವಾಸನೆ ಹಿಡಿಯಿತು. ಹುಳಿಗೆ ಒಗ್ಗರಣೆ ಹಾಕಿದರೂ ಅದೇ ವಾಸನೆ. ನಾನು ಹೇಳಿದರೆ ಚಿಕ್ಕಮ್ಮ, "ವಂಡಿ ಅಂದ್ಮೇಲೆ ವಾಸನೆ ಇರತ್ತೆ, ಪಳಗತ್ತೆ ಬಿಡು," ಎಂದಳು. ಶೆಡ್ಡಿನ ಮೂಲೆಯಲ್ಲಿ ನಮ್ಮ ಎರಡನೆಯ ಗ್ಯಾಸ್ ಸಿಲಿಂಡರ್ ಇತ್ತು. ಅದು ನನ್ನ ಕಣ್ಣಿಗೆ ಬೀಳುತ್ತಲೇ ಇತ್ತು, ಆದರೂ ತೆಗೆಸಬೇಕೆಂದು ಹೊಳೆಯಲಿಲ್ಲ. ನುಂಗಂಬಾಕ್ಕಂನ ಆಫೀಸಿಗೆ ಹೋಗಿಬರುವುದರಲ್ಲೇ ನನ್ನ ದಿನ ಮುಗಿಯುತ್ತಿತ್ತು.

ತಮಿಳರ ಐಪ್ಪಸಿ ತಿಂಗಳ ಮಳೆ ಹಿಡಿದ ಒಂದು ಭಾನುವಾರ ಬೆಳಿಗ್ಗೆ ನಾನು ಇಡ್ಲಿಗೆ ಇಟ್ಟಿದ್ದೆ. ಶೆಡ್ಡಿನಲ್ಲಿ ಎಂಜಿನ್ ಶುರುವಾದದ್ದು ಕೇಳಿಸಿತು. ಬಹಳ ದಿನ ಸುಮ್ಮನೆ ಬಿಟ್ಟರೆ ಕೆಡುತ್ತದೆಂದು ಚಿಕ್ಕಮ್ಮ ಆಗಾಗ ಹೇಳುತ್ತಿದ್ದಳು, ಹಾಗಾಗಿ ಆಶ್ಚರ್ಯವಾಗಲಿಲ್ಲ. ಆದರೆ ಎರಚಲು ಬಡಿಯುತ್ತಿದೆಯೆಂದು ಅವಳು ಶಟರನ್ನು ಮುಕ್ಕಾಲು ಇಳಿಸಿದ್ದಳು. ಅದು ನನಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿನಿಂದ ಹೊಗೆ ಬರತೊಡಗಿತು. ಅಷ್ಟರಲ್ಲಿ ಶೆಡ್ಡಿನ ಮೇಲಿನ ಕೋಣೆಯಿಂದ ನನ್ನ ಮಗಳು ತಲೆ ಹಿಡಿದುಕೊಂಡು ಇಳಿದುಬಂದು, ಸಿಂಕಿಗೆ ವಾಂತಿ ಮಾಡಿದಳು.

ನಾನು ಒಲೆ ಆರಿಸಿ ಅವಳನ್ನು ಮುಂಬಾಗಿಲಿನಿಂದ ಹೊರಗೆ ಕರೆದೊಯ್ದೆ. ಗಂಡ ಓಡಿಹೋಗಿ ಶಟರ್ ಎತ್ತಿದರು. ಚಿಕ್ಕಮ್ಮ ಗೋಡೆಗೆ ಒರಗಿ ನಿಂತಿದ್ದಳು. ಗಂಡ ಟ್ರ್ಯಾಕ್ಟರಿನ ಕೀ ತಿರುಗಿಸಿ ಹೊರಗೇ ಎಳೆದುಬಿಟ್ಟರು. ಎಂಜಿನ್ ಮಾತ್ರ ನಿಲ್ಲಲಿಲ್ಲ.

"ಕೀ ಅಲ್ಲ. ಆ ಗುಂಡಿ ಎಳೀರಿ, ಕೆಳಗಡೆದು," ಎಂದಳು ಚಿಕ್ಕಮ್ಮ. ದನಿ ಸರಿಯಾಗಿ ಏಳುತ್ತಿರಲಿಲ್ಲ. ಎಳೆದರು, ನಿಂತಿತು. ಅವಳನ್ನು ತೋಳು ಹಿಡಿದು ಆಚೆ ತಂದರು. ನಾಲ್ವರೂ ಪೋರ್ಟಿಕೋದಲ್ಲಿ ಎರಚಲಿಗೆ ನೆನೆಯುತ್ತ ಕೂತೆವು.

ಡಾಕ್ಟರು ಮಗಳನ್ನೂ ಚಿಕ್ಕಮ್ಮನನ್ನೂ ನೋಡಿ, ಇನ್ನು ಸ್ವಲ್ಪ ಹೊತ್ತು ಒಳಗಿದ್ದಿದ್ದರೆ ಕಷ್ಟವಾಗುತ್ತಿತ್ತು ಎಂದರು. ಅಂದು ಚಿಕ್ಕಮ್ಮ ಊಟ ಮುಟ್ಟಲಿಲ್ಲ. ಮಗಳ ಮಂಚದ ತುದಿಯಲ್ಲಿ ಕೂತು, "ಬಯಲಲ್ಲೇ ಓಡಿಸಿದೋಳು ನಾನು. ಮನೆಯೊಳಗೆ ಹೊಗೆ ನಿಲ್ಲತ್ತೆ ಅಂತ ಬುದ್ಧಿ ಬರಲಿಲ್ಲ. ಗುಜರಿಯವನಿಗೆ ಫೋನ್ ಮಾಡು," ಎಂದಳು ನನಗೆ.

ನಾನು ಮಾಡುತ್ತಿದ್ದೆನೇನೋ. ನಿಜ ಹೇಳಬೇಕೆಂದರೆ ಒಳಗೊಳಗೇ ಹಗುರವೂ ಆಗಿತ್ತು. ಬೇಡವೆಂದವಳು ಮಗಳು. "ವೇಂಡಾಂ ಅಜ್ಜಿ. ಸರಿಯಾಗಿ ಇಟ್ಟರೆ ಆಯ್ತು," ಎಂದಳು. ಕನ್ನಡದಲ್ಲಿ ಅವಳು ಇಡೀ ವಾಕ್ಯ ಹೇಳುವುದು ಅಪರೂಪ.

ಮರುದಿನ ಮೆಕ್ಯಾನಿಕ್‌ನನ್ನು ಕರೆಸಿದೆವು. ಡೀಸೆಲ್ ನಲ್ಲಿಯ ವಾಷರ್ ಸವೆದು ಹನಿಯುತ್ತಿತ್ತು, ಬದಲಿಸಿದ. ಟ್ಯಾಂಕ್ ಪೂರ್ತಿ ಖಾಲಿ ಮಾಡೆಂದು ನಾನು, ತುಂಬಿಸಿಡೆಂದು ಚಿಕ್ಕಮ್ಮ. ಖಾಲಿ ಬಿಟ್ಟರೆ ಈ ಕಡಲಗಾಳಿಗೆ ಒಳಗೆಲ್ಲ ತುಕ್ಕು ಹಿಡಿಯುತ್ತದೆ, ನಲ್ಲಿ ಮುಚ್ಚಿಟ್ಟರೆ ಸಾಕು, ಅಡಿಯಲ್ಲಿ ಮರಳಿನ ತಟ್ಟೆ ಇಡಿ ಎಂದು ಅವನು ಚಿಕ್ಕಮ್ಮನ ಕಡೆ ಸೇರಿದ. ಬ್ಯಾಟರಿ ಬಿಚ್ಚಿ ಹಿತ್ತಿಲ ಕಟ್ಟೆಗೆ ಸಾಗಿಸಿದ. ಭಾರಕ್ಕೆ ಶೆಡ್ಡಿನ ಟೈಲ್ಸ್ ಬಿರುಕು ಬಿಟ್ಟಿತ್ತು. ಚಕ್ರದಡಿ ದಪ್ಪ ಹಲಗೆ ಹಾಕಿ, ಹಿಂದೆ ಮುಂದೆ ಮರದ ತುಂಡು ಕೊಟ್ಟ. ಹೆಗ್ಗಣ ನುಗ್ಗದಂತೆ ಹೊಗೆ ಕೊಳವೆಗೆ ಡಬ್ಬಿ ಮುಚ್ಚಿದ. ಸಿಲಿಂಡರನ್ನು ನಾನೇ ಉರುಳಿಸಿಕೊಂಡು ಹೊರಗಿಟ್ಟೆ. ಅಡುಗೆಮನೆಯ ಆ ಬಾಗಿಲನ್ನು ಇಟ್ಟಿಗೆ ಕಟ್ಟಿ ಮುಚ್ಚಿಸಿದೆವು. ಶೆಡ್ಡಿನೊಳಗೆ ನಿಲ್ಲಿಸಿಕೊಂಡು ಎಂಜಿನ್ ಓಡಿಸಕೂಡದು, ಶಟರ್ ಪೂರ್ತಿ ಎತ್ತದೆ ಕೀಗೆ ಕೈ ಹಾಕಕೂಡದು ಎಂದು ಚಿಕ್ಕಮ್ಮನೇ ಎಲ್ಲರಿಗೂ ಹೇಳಿದಳು, ನಾವೇನೋ ತಪ್ಪು ಮಾಡಿದವರ ಹಾಗೆ.

ಈಗ ತಿಂಗಳಿಗೊಂದು ಭಾನುವಾರ, ಮಳೆಯಿಲ್ಲದಿದ್ದರೆ, ಅಜ್ಜಿ ಮೊಮ್ಮಗಳು ಬ್ಯಾಟರಿ ಕೂರಿಸಿ, ಶುರುವಾದ ಕೂಡಲೇ ಹೊರತಂದು, ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ಅರ್ಧ ಗಂಟೆ ಓಡಿಸುತ್ತಾರೆ. ಮೊದಮೊದಲು ಚಿಕ್ಕಮ್ಮನೇ ಹತ್ತುತ್ತಿದ್ದಳು. ಮಂಡಿ ಕ್ಲಚ್ ಒತ್ತಲು ಬಿಡದಾದಾಗ ಮಗಳಿಗೆ ಕಲಿಸಿದಳು. ಅವಳು ತಮಿಳಿನಲ್ಲಿ ಕೇಳುತ್ತಾಳೆ, ಇವಳು ಕನ್ನಡದಲ್ಲಿ ಹೇಳುತ್ತಾಳೆ.

ಹೋದ ತಿಂಗಳು ಹಿಮ್ಮುಖವಾಗಿ ಒಳಗೆ ತರುವಾಗ ದೊಡ್ಡ ಚಕ್ರ ಗೇಟಿನ ಕಂಬಕ್ಕೆ ಉಜ್ಜಿ ಗಾರೆ ಉದುರಿತು. ಮಗಳು ಗಾಬರಿಯಾಗಿ ನನ್ನ ಮುಖ ನೋಡಿದಳು.

"ಕಂಬ ನಾಳೆ ನೋಡ್ಕೊಳ್ಳೋಣ," ಎಂದಳು ಚಿಕ್ಕಮ್ಮ. "ನೀನು ಮೊದಲು ಬ್ರೇಕಿಂದ ಕಾಲು ತೆಗೀಬೇಡ."