ಚೀಟಿಯಿಲ್ಲದ ಇಸ್ತ್ರಿ ಪೆಟ್ಟಿಗೆ

ಅವರದು ಎಡಗೈ. ಆ ಕೈಯ ಹೆಬ್ಬೆರಳಿನ ಉಗುರು ಅರ್ಧಕ್ಕೆ ಸುಟ್ಟು ಕಪ್ಪಾಗಿತ್ತು. ವೈರಿನ ಎಳೆಗಳನ್ನು ಹುರಿ ಮಾಡುವಾಗ ಎಲ್ಲರ ಹುರಿ ಬಲಕ್ಕೆ ತಿರುಗಿದರೆ ಅವರದು ಎಡಕ್ಕೆ ತಿರುಗುತ್ತಿತ್ತು. ನಾನು ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಕಾರ್ಖಾನೆಯೊಂದರ ಇಸ್ತ್ರಿ ವಿಭಾಗಕ್ಕೆ ಸೇರಿದಾಗ ಅವರು ಅಲ್ಲಿಯ ಎಲೆಕ್ಟ್ರಿಷಿಯನ್. ದಿನಾ ಕುರುಗೋಡಿನಿಂದ ಬಸ್ಸಿಗೆ ಬಂದು ಹೋಗುತ್ತಿದ್ದರು. ಹಿಂದಿನಿಂದ ನಾವು ಅವರನ್ನು ಕರೆಂಟ್ ಮಾಮ ಎನ್ನುತ್ತಿದ್ದೆವು. ಎದುರಿಗೆ ಆ ಪದ ಎತ್ತುವಂತಿರಲಿಲ್ಲ.

"ಕರೆಂಟ್ ಹೋತು, ಕರೆಂಟ್ ಕಮ್ಮಿ ಐತಿ, ಕರೆಂಟ್ ಹೊಡೀತು. ಎಲ್ಲಾದಕ್ಕೂ ಒಂದ ಹೆಸರು. ಯಾವ ಕರೆಂಟವ್ವಾ? ವೋಲ್ಟೋ, ಆಂಪ್ಸೋ, ವ್ಯಾಟೋ?" ಎಂದು ಜಗಳಕ್ಕೇ ಬರುತ್ತಿದ್ದರು.

ಅಂಥ ಅನುಮಾನದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಚಹಾ ಕೊಟ್ಟರೆ ಮೂಸಿ ನೋಡಿ ಕುಡಿಯುವರು. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಕೇಳಿ, ಅವನ ಮಾತನ್ನೂ ನಂಬದೆ ಪಕ್ಕದವರನ್ನು ಕೇಳುವರು. ಯಂತ್ರದ ಮೇಲೆ ಕಂಪನಿಯವರು ಬರೆದದ್ದಕ್ಕಂತೂ ಬೆಲೆಯೇ ಇಲ್ಲ. "ಬರದೋನು ಮಾರಾಕ ಬರದಿರ್ತಾನ. ನಾವು ಅಳದು ನೋಡ್ಬೇಕು" ಎನ್ನುತ್ತಿದ್ದರು.

ಯಾವುದೇ ರಿಪೇರಿ ಮುಗಿದ ಮೇಲೆ ಪ್ಲಗ್ಗಿನಲ್ಲಿ ವೋಲ್ಟ್ ಅಳೆಯುವರು. ಆಮೇಲೆ ಒಂದೇ ಎಳೆಗೆ ಮೀಟರಿನ ಕೊಕ್ಕೆ ಹಾಕಿ ಆಂಪ್ಸ್ ನೋಡುವರು. ವೋಲ್ಟನ್ನು ಆಂಪ್ಸಿನಿಂದ ಭಾಗಿಸಿದರೆ ಓಮ್, ಎರಡನ್ನೂ ಗುಣಿಸಿದರೆ ವ್ಯಾಟ್. ನಾಲ್ಕೂ ಅಂಕಿಗಳನ್ನು ಬಿಳಿ ಟೇಪಿನ ಮೇಲೆ ಬರೆದು ಆ ವಸ್ತುವಿಗೇ ಅಂಟಿಸುವರು. ನನ್ನ ಇಸ್ತ್ರಿ ಪೆಟ್ಟಿಗೆಯ ಮೇಲೆ ೨೩೦, ೪.೩೫, ೫೩, ೧೦೦೦ ಎಂದಿತ್ತು.

ಒಮ್ಮೆ ಆ ಓಮಿನ ಅಂಕಿಯ ಮೇಲೆ ಬೆರಳಿಟ್ಟು ಹೇಳಿದ್ದರು. "ವೋಲ್ಟು ಏರ್ತೈತಿ, ಇಳೀತೈತಿ. ಆಂಪ್ಸು ಅದರ ಬೆನ್ನು ಹತ್ತಿ ಹೋಗ್ತೈತಿ. ವ್ಯಾಟು ಕುಣೀತೈತಿ. ಈ ಐವತ್ಮೂರು ಮಾತ್ರ ಕಾಯಿಲಿನ ಸ್ವಂತದ್ದು. ಎಲ್ಲಿಗೆ ಒಯ್ದ್ರೂ ಬಿಡೂದಿಲ್ಲ."

ಒಮ್ಮೆ ಮೂರು ದಿನ ರಜೆ ಹಾಕಿ ಮರಳಿದ ಮಧ್ಯಾಹ್ನವೇ ನನ್ನ ಮೇಜಿನ ಮೇಲೆ ಸಾಲಾಗಿ ಪ್ಯಾಂಟುಗಳು ಸೀದವು. ನಮ್ಮ ಪೆಟ್ಟಿಗೆಗಳಲ್ಲಿ ಬಿಸಿ ಹೆಚ್ಚು ಕಡಿಮೆ ಮಾಡುವ ತಿರುಗಣೆ ಕೆಟ್ಟು ಎಷ್ಟೋ ದಿನವಾಗಿತ್ತು. ಕೈಯ ಅಂದಾಜಿನ ಮೇಲೆಯೇ ಕೆಲಸ. ನನ್ನ ಅಂದಾಜು ತಪ್ಪಿರಲಿಲ್ಲ, ಆದರೆ ನಂಬುವವರು ಯಾರು? ಮೊಬೈಲ್ ನೋಡುತ್ತ ಮೈಮರೆತಿದ್ದಳು ಎಂದು ಸೂಪರ್‌ವೈಸರ್ ಹೇಳಿದ. ಕಾರ್ಖಾನೆಯ ಮಾಲೀಕರಾದ ಸಾವುಕಾರರು "ನಾಳಿಂದ ಬರಬ್ಯಾಡ" ಎಂದರು. ಸಿರುಗುಪ್ಪದ ಕಡೆಯ ಕರೂರಿನಿಂದ ಮನೆಯವರೊಡನೆ ಜಗಳವಾಡಿಕೊಂಡು ಬಂದವಳು ನಾನು. ಈ ಕೆಲಸ ಹೋದರೆ ನಿಂತ ಕಾಲಲ್ಲಿ ಊರಿಗೆ ಮರಳಿ, ಅಣ್ಣ ಗೊತ್ತು ಮಾಡಿದ ಗಂಡಿಗೆ ತಲೆಬಾಗಬೇಕಿತ್ತು.

ಮಾಮ ಬಂದು ಪೆಟ್ಟಿಗೆಯನ್ನು ತಿರುಗಿಸಿ ನೋಡಿದರು. ಅದರ ಮೇಲಿನ ಹಳೆಯ ಟೇಪು ಇರಲಿಲ್ಲ. "ಚೀಟಿ ಇಲ್ಲ. ಇದನ್ನ ನಾ ಮುಟ್ಟಿಲ್ಲ. ಯಾರೋ ಹೊರಗಿನವರು ಬಿಚ್ಚ್ಯಾರ" ಎಂದು ಎಲ್ಲರ ಮುಖವನ್ನೂ ಒಬ್ಬೊಬ್ಬರದಾಗಿ ನೋಡಿದರು. ಸೂಪರ್‌ವೈಸರ್ ನನ್ನನ್ನು ನೋಡಿದ, ನಾನು ಮಾಮನನ್ನು ನೋಡಿದೆ. ಅಷ್ಟೊಂದು ಅನುಮಾನಪಡುವವರಿಗೇ ಏನೋ ಮುಚ್ಚಿಡುವುದಿರುತ್ತದೆ ಎಂದು ನನಗೆ ಅವತ್ತು ಖಂಡಿತವಾಗಿ ಅನ್ನಿಸಿತು.

ಅವರು ಅಳೆದರು. ೨೩೦ ವೋಲ್ಟ್, ೬.೫ ಆಂಪ್ಸ್. ತುಟಿಯಲ್ಲೇ ಲೆಕ್ಕ ಹಾಕಿದರು. "ಮೂವತ್ತೈದು ಓಮ್. ಸಾವಿರದ ಪೆಟ್ಟಿಗಿಯೊಳಗ ಒಂದೂವರಿ ಸಾವಿರದ ಕಾಯಿಲ್ ಕುಂತೈತಿ. ಸೀಯದ ಏನ್ ಮಾಡ್ತೈತಿ?"

"ಯಾರು ಹಾಕಿದ್ದು ಅದನ್ನ?" ಎಂದರು ಸಾವುಕಾರರು.

ಪ್ಲಗ್ಗು ಕಿತ್ತು, ಪೆಟ್ಟಿಗೆ ಆರಲು ಬಿಟ್ಟು, ಮಾಮ ಮುಚ್ಚಳ ಬಿಚ್ಚಿದರು. ನಾನು ಅವರ ಹೆಗಲ ಹಿಂದೆಯೇ ಇದ್ದೆ. ನಟ್ಟಿನ ಕೆಳಗೆ ವೈರಿನ ತುದಿ ಕಾಣಿಸಿತು. ಹುರಿ ಎಡಕ್ಕೆ ತಿರುಗಿತ್ತು.

ಅವರ ಕೈ ನಿಂತಿತು. ಸಾವುಕಾರರಿಗೆ ಹುರಿ ಗೊತ್ತಾಗುತ್ತಿರಲಿಲ್ಲ, ಸೂಪರ್‌ವೈಸರನಿಗೂ ಇಲ್ಲ. ಮುಚ್ಚಳ ಹಾಕಿ ಹೊರಗಿನವರ ಮೇಲೆ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಕಂಡದ್ದನ್ನು ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ಈ ಮನುಷ್ಯ ಈಗ ಏನು ಮಾಡುತ್ತಾನೆ, ನೋಡಿಯೇಬಿಡೋಣ ಎಂದು ಕಾದೆ. ಅಷ್ಟು ಕೆಟ್ಟದಾಗಿತ್ತು ನನ್ನ ಮನಸ್ಸು.

"ಇದು ನನ್ನ ಕೈ," ಎಂದರು ಮಾಮ. "ಮೊನ್ನೆ ಬಸ್ಸಿಗೆ ಹೊತ್ತಾಗಿತ್ತು. ಹೊಸಾ ಕಾಯಿಲಿನ ಪಾಕೀಟಿನ ಮ್ಯಾಲೆ ಸಾವಿರ ಅಂತ ಬರದಿತ್ತು. ನಂಬಿ ಹಾಕಿ ಹೋದೆ, ಅಳದು ನೋಡ್ಲಿಲ್ಲ, ಹಳೇ ಚೀಟಿ ಕಿತ್ತು ಹೊಸಾದು ಹಚ್ಚಲಿಲ್ಲ. ಆಮ್ಯಾಲ ಮರತೂ ಬಿಟ್ಟೆ. ಈ ಹುಡುಗೀದು ತಪ್ಪಿಲ್ರಿ."

ಸಾವುಕಾರರು ನನಗೆ ಹೇಳಿದ ಮಾತನ್ನೇ ಅವರಿಗೆ ಹೇಳಿದರು. ಅವರು ಕಾಯಿಲ್ ಬದಲಿಸಿ, ಅಳೆದು, ಚೀಟಿ ಅಂಟಿಸಿ, ಮಾಮೂಲಿ ಬಸ್ಸಿಗೇ ಹೋದರು.

ಮುಂದಿನ ರಜೆಯ ದಿನ ನಾನು ಕುರುಗೋಡಿಗೆ ಹೋದೆ. ಮನೆಯ ಮುಂದೆ ಯಾರದೋ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದರು. "ಯಾಕ್ ಬಂದಿ?" ಎಂದು ಅನುಮಾನದಿಂದಲೇ ಕೇಳಿದರು.

"ಹುರಿ ನಾನೂ ನೋಡಿದ್ದೆ ಮಾಮ. ನಾ ನೋಡೀನಂತ ಒಪ್ಪಿಕೊಂಡ್ರೇನು?"

"ನೀ ನೋಡಿದ್ದು ನನಗೇನು ಗೊತ್ತವ್ವಾ. ನಾ ನೋಡಿದ್ನಲ್ಲ, ಸಾಲದೇನು?" ಎಂದು ಮೀಟರನ್ನು ನನ್ನ ಕಡೆ ಸರಿಸಿದರು. "ಹಿಡಿ. ಯಾವ ಕರೆಂಟು, ಹೇಳು."

ಆಮೇಲೆ ಪ್ರತಿ ರಜೆಗೂ ಹೋದೆ. ಈಗ ಸಿರುಗುಪ್ಪದಲ್ಲಿ ನನ್ನದೇ ರಿಪೇರಿ ಅಂಗಡಿಯಿದೆ. ಗಿರಾಕಿಗಳು ನನ್ನ ಬೆನ್ನ ಹಿಂದೆ ಕರೆಂಟ್ ಅಕ್ಕ ಎನ್ನುತ್ತಾರಂತೆ.

ಹೋದ ವರ್ಷ ಅವರು ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಹೆಂಡತಿ, ಅತ್ತೆ ಎಂದೇ ನಾನು ಕರೆಯುವವರು, ಮಾಮ ಮನೆಯಲ್ಲಿ ಬಳಸುತ್ತಿದ್ದ ಇಸ್ತ್ರಿ ಪೆಟ್ಟಿಗೆ ತಂದಿಟ್ಟರು. "ನೀನ ಒಯ್ಯವ್ವಾ. ನನಗ್ಯಾಕ ಇನ್ನ" ಎಂದರು. ಮೇಲೆ ಅದೇ ಬಿಳಿ ಟೇಪು, ಅದೇ ಎಡಗೈ ಅಕ್ಷರ: ೨೩೦, ೪.೩೫, ೫೩, ೧೦೦೦.

ನಾನು ಚೀಲದಿಂದ ಮೀಟರ್ ತೆಗೆದೆ.

"ಅವರ ಬರದಾರಲ್ಲವ್ವಾ," ಎಂದರು ಅತ್ತೆ. ಅವರಿಗೆ ಬೇಸರವಾಗಿತ್ತು.

"ಅವರ ಬರದದ್ದಂತನ ಅಳದು ನೋಡ್ತೀನಿ ಅತ್ತೆ," ಎಂದೆ.

ಅವತ್ತು ಕುರುಗೋಡಿನಲ್ಲಿ ವೋಲ್ಟ್ ಇನ್ನೂರ ಏಳಕ್ಕೆ ಇಳಿದಿತ್ತು. ಆಂಪ್ಸ್ ೩.೯. ವ್ಯಾಟ್ ಎಂಟುನೂರರ ಆಸುಪಾಸು. ಅವರ ಚೀಟಿಯ ಮೂರು ಅಂಕಿ ತಪ್ಪಾದವು. ವೋಲ್ಟನ್ನು ಆಂಪ್ಸಿನಿಂದ ಭಾಗಿಸಿದೆ. ಐವತ್ಮೂರು ಬಂತು. ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅತ್ತೆಯ ಎದುರಿಗೇ ಅತ್ತುಬಿಟ್ಟೆ.