ಬಸವಣ್ಣನ ಹೂವು, ನನ್ನ ಪರಮಾಣು

ಧಾರವಾಡದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಬಿ.ಎಸ್ಸಿ. ಮುಗಿಸಿ ದಾಂಡೇಲಿಗೆ ಬಂದ ವರ್ಷ, ನನ್ನನ್ನು ಭೌತಶಾಸ್ತ್ರದ ಎಂ.ಎಸ್ಸಿ.ಗೆ ಮತ್ತೆ ಧಾರವಾಡಕ್ಕೇ ಕಳಿಸುವುದೋ ಮದುವೆ ಮಾಡಿ ಮುಗಿಸುವುದೋ ಎಂಬ ಮಾತು ಮನೆಯಲ್ಲಿ ನಡೆದಿತ್ತು. ಹೋಗಲೇಬೇಕೆಂಬ ಹಟ ನನ್ನದು. ಕಾಗದದ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಅಪ್ಪ ಒಂದು ಸಂಜೆ, ಅಲ್ಲಿ ಕಲಿಸುವುದಾದರೂ ಏನು ಎಂದು ಕೇಳಿದ. ಬಾಯಿ ಮುಚ್ಚಿಕೊಂಡಿರಬಹುದಿತ್ತು. ನಾನು ರೇಡಿಯಂ ಕಥೆ ಶುರು ಮಾಡಿದೆ.

ರೇಡಿಯಂ ಪರಮಾಣುಗಳು ತಾವಾಗಿಯೇ ಒಡೆಯುತ್ತವೆ. ರಾಶಿಯಲ್ಲಿ ಅರ್ಧ ಒಡೆಯಲು ಎಷ್ಟು ಕಾಲ ಬೇಕೆಂದು ಲೆಕ್ಕ ಹಾಕಬಹುದು, ಆದರೆ ಯಾವುದು ಯಾವಾಗ ಒಡೆಯುತ್ತದೆಂದು ಯಾರೂ ಹೇಳಲಾರರು ಎಂದೆ. ಹಳಿಯಾಳದ ಬಸ್ಸು ಯಾವಾಗ ಬರುತ್ತದೆಂದೂ ಯಾರೂ ಹೇಳಲಾರರು, ಅದಕ್ಕೆ ಧಾರವಾಡದವರೆಗೆ ಹೋಗಬೇಕೇ ಎಂದ ಅಪ್ಪ. ನನಗೆ ಸಿಟ್ಟು ಬಂತು. ಬಸ್ಸು ತಡವಾಗಲು ಕಾರಣವಿರುತ್ತದೆ, ಡ್ರೈವರು ಎಲ್ಲೋ ಚಹಾ ಕುಡಿಯುತ್ತ ಕೂತಿರುತ್ತಾನೆ, ನಮಗೆ ಗೊತ್ತಿರುವುದಿಲ್ಲ ಅಷ್ಟೇ. ಪರಮಾಣುವಿಗೆ ಚಹಾ ಇಲ್ಲ, ಕಾರಣವೇ ಇಲ್ಲ ಎಂದು ಬಿಡಿಸಿ ಹೇಳಿದೆ.

"ಕಾರಣನ ಇಲ್ಲಂದಮ್ಯಾಲೆ ಎರಡು ವರ್ಷ ಕಲಿಯೂದೇನು?" ಎಂದ ಅಪ್ಪ.

ಕೊನೆಗೆ ಬಸವಣ್ಣನನ್ನೇ ಕೇಳುವುದೆಂದಾಯಿತು. ಹಳಿಯಾಳದ ಹತ್ತಿರದ ನಮ್ಮ ಹಳ್ಳಿಯ ಗುಡಿಯಲ್ಲಿ ಬಸವಣ್ಣನ ಕಲ್ಲಿನ ಮೈಗೆ ಎರಡೂ ಕಡೆ ಒದ್ದೆ ಹೂವು ಅಂಟಿಸಿ ಕಾಯುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಉಹೂಂ. ನೀರು ಆರಿದ ಹಾಗೆ ಹೂವು ಬೀಳುತ್ತದೆ, ದೇವರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದೆ. ಅಪ್ಪನ ತಾಯಿ, ನಮ್ಮ ಆಯಿ, ಎಲೆ ಅಡಿಕೆ ಜಗಿಯುತ್ತ ಕೂತಿದ್ದಳು. ಅವಳು ಯಾರ ಕಡೆಯೋ ತಿಳಿಯಲಿಲ್ಲ.

ಮೊದಲ ಹೂವು ಎಡಕ್ಕೆ ಬಿತ್ತು. ಹೂವನ್ನು ನಂಬದ ನನಗೆ ಅಳು ಬಂದೇಬಿಟ್ಟಿತು. ಅಪ್ಪ ಏಳಲು ಹೊರಟ. ಆಯಿ ಅವನ ಧೋತರ ಹಿಡಿದು ಕೂರಿಸಿ, ಕಳಿಸಲೋ ಬೇಡವೋ ಎಂದು ಎರಡೆರಡು ಪ್ರಶ್ನೆ ಒಟ್ಟಿಗೇ ಕೇಳಿದರೆ ಬಸವಣ್ಣನಾದರೂ ಏನು ಹೇಳಬೇಕು ಎಂದು ಗದರಿದಳು. ಮತ್ತೆ ಅಂಟಿಸಿದಾಗ ಪೂಜಾರಿ ಸೀನಿದ, ಎರಡೂ ಹೂವು ಒಟ್ಟಿಗೇ ಉದುರಿದವು. ಅದು ಲೆಕ್ಕಕ್ಕಿಲ್ಲ ಎಂದಳು ಆಯಿ. ಆಮೇಲೆ ಪುನಃ ಎಡ. ಬಸವಣ್ಣನಿಗೆ ಇನ್ನೂ ನೈವೇದ್ಯವಾಗಿಲ್ಲ, ಹಸಿದಾಗ ಯಾರೂ ಸರಿಯಾಗಿ ಮಾತಾಡುವುದಿಲ್ಲ ಎಂದಳು. ಬೆಲ್ಲ ತರಿಸಿ ಇಟ್ಟದ್ದಾಯಿತು. ಆಗ ಬಲಗಡೆಯ ಹೂವು ಟಪ್ಪೆಂದು ಬಿತ್ತು. ಬಸವಣ್ಣ ಬಲ ಕೊಟ್ಟನೆಂದು ಆಯಿ ಎದ್ದೇಬಿಟ್ಟಳು. ಅಪ್ಪನೂ ಕೈಮುಗಿದ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳ ಪಕ್ಕ ಕೂತು, ಬಲಕ್ಕೆ ಬೀಳುವವರೆಗೂ ಕೇಳುತ್ತಲೇ ಇದ್ದರೆ ಒಂದಲ್ಲ ಒಂದು ಸಲ ಬಿದ್ದೇ ಬೀಳುತ್ತದೆ, ಇದು ಬರೀ ಗಣಿತ ಎಂದು ಪಿಸುಗುಟ್ಟಿದೆ. ನನ್ನ ಜಾಣತನಕ್ಕೆ ನಾನೇ ಹಿಗ್ಗಿದ್ದೆ.

"ಗೊತ್ತೈತಿ ಯವ್ವಾ," ಅಂದಳು ಆಯಿ. "ನನ್ನ ಸಾಲಿಗೆ ಹಾಕೂದೋ ಬ್ಯಾಡೋ ಅಂತ ನನ್ನ ತವರಿನಾಗೂ ಹೂವು ಕೇಳಿದ್ರು. ಎಡಕ್ಕ ಬಿತ್ತು. ಎರಡನೇ ಸಲ ಕೇಳವ್ರು ಯಾರೂ ಇರಲಿಲ್ಲ."